ಪೀಪಾಯಿಯ ಋಣ

ಹೋದ ತಿಂಗಳು ಈ ಪುಟದಲ್ಲಿ ಕಾಫಿಯ ಬೀಜವನ್ನು ಮನೆಯಲ್ಲಿಯೇ ಹುರಿಯುವ ಕ್ರಮವನ್ನು ಕುರಿತು ಬರೆದಿದ್ದೆನಷ್ಟೆ. ಅದನ್ನು ಓದಿದ ಚಂದಾದಾರರೊಬ್ಬರು ದೀರ್ಘವಾದ ಕಾಗದವೊಂದನ್ನು ಬರೆದಿರುವರು. ಕಾಫಿಯ ಮಾತು ಅದರಲ್ಲಿ ಎರಡೇ ಸಾಲು. ಉಳಿದುದೆಲ್ಲ ಅವರ ಮಗನ ವಿಚಾರ. ಮಗನು ಅಮೆರಿಕದ ಚಿಕಾಗೋ ನಗರದಲ್ಲಿ ಕೆಲಸದಲ್ಲಿರುವನು. ಹೋದ ನವೆಂಬರಿನ ಕಡೆಯಲ್ಲಿ ಒಂದು ಶುಕ್ರವಾರ ಅವನು ಬೆಳಕು ಹರಿಯುವುದಕ್ಕೆ ಮುಂಚೆಯೇ ಎದ್ದು, ಕೊರೆಯುವ ಚಳಿಯಲ್ಲಿ ಅಂಗಡಿಯೊಂದರ ಮುಂದೆ ಸಾಲುಗಟ್ಟಿ ನಿಂತು, ಎರಡು ಸೀಸೆ ಕಪ್ಪು ಬೀರನ್ನು ಕೊಂಡು ತಂದನಂತೆ. ತಂದೆಗೆ ಫೋನಿನಲ್ಲಿ ಬಹಳ ಸಂತೋಷದಿಂದ ಈ ಸಂಗತಿಯನ್ನು ತಿಳಿಸಿ, “ಇದು ವಿಸ್ಕಿಯ ಪೀಪಾಯಿಯಲ್ಲಿ ಒಂದು ವರ್ಷ ಇಟ್ಟಿದ್ದ ಬೀರು. ಕುಡಿಯುವುದಕ್ಕಲ್ಲ ಅಪ್ಪಾ, ರುಚಿ ನೋಡುವುದಕ್ಕೆ” ಎಂದನಂತೆ.

ತಂದೆಯವರ ಪ್ರಶ್ನೆ ನೇರವಾಗಿದೆ. ಕುಡಿಯುವವನು ರುಚಿ ನೋಡುತ್ತೇನೆ ಎನ್ನುವುದು ಹೊಸ ಮಾತೇ? ಇದರಲ್ಲಿ ನಿಜವಾಗಿಯೂ ವಿದ್ಯೆಯೆಂಬುದು ಏನಾದರೂ ಉಂಟೋ, ಇಲ್ಲವೇ ತಾವು ಈಗಲೇ ವಿಮಾನದ ಟಿಕೇಟನ್ನು ತೆಗೆಯಿಸಬೇಕೋ?

ಗೃಹಸ್ಥರು ಓದುವ ಪತ್ರಿಕೆಯಲ್ಲಿ ಮದ್ಯದ ಮಾತನ್ನೆತ್ತಬಹುದೇ ಎಂದು ನಾನು ಎರಡು ದಿನ ಯೋಚಿಸಿದೆನು. ಈ ವಿಷಯದಲ್ಲಿ ನನ್ನ ಮನಸ್ಸು ತಟಸ್ಥವಾದುದೆಂದು ವಾಚಕರು ತಿಳಿಯಬಾರದು. ನನ್ನ ತಾಯಿಯ ಅಣ್ಣಂದಿರಲ್ಲೊಬ್ಬರು ‘ಔಷಧಕ್ಕೆ’ ಎಂದು ಬ್ರಾಂದಿಯನ್ನು ತರಿಸುತ್ತಿದ್ದರು. ಮೊದಲು ಅಡಕೆಯ ತೋಟ ಹೋಯಿತು. ಆಮೇಲೆ ಕೆರೆಯ ಕೆಳಗಿನ ಗದ್ದೆ ಹೋಯಿತು. ಕಡೆಗೆ ಅವರೇ ಹೋದರು. ಆ ಔಷಧವು ಯಾವ ರೋಗಕ್ಕೆಂಬುದು ಮಾತ್ರ ಕೊನೆಯವರೆಗೂ ಯಾರಿಗೂ ತಿಳಿಯಲಿಲ್ಲ. ಅತ್ತೆಯವರು ಎರಡು ಹೆಣ್ಣುಮಕ್ಕಳೊಡನೆ ನಮ್ಮ ಮನೆಗೆ ಬಂದಿಳಿದ ದಿವಸ ನನಗೆ ಒಂಬತ್ತು ವರ್ಷ. ಆದಕಾರಣ ‘ರುಚಿಗೆ’ ಎಂಬ ಮಾತನ್ನು ಕೇಳಿದರೆ ನನಗೂ ಈ ತಂದೆಯವರಂತೆಯೇ ಎದೆ ಝಲ್ಲೆನ್ನುವುದು. ಆದರೂ ಉತ್ತರವನ್ನು ಬರೆಯಲು ನನಗೊಂದು ಅಧಿಕಾರವುಂಟು. ಅದೇನೆಂದರೆ, ಮೂರು ವರ್ಷಗಳ ಕೆಳಗೆ ಅದೇ ಊರಿನಲ್ಲಿ, ನನ್ನ ತಂಗಿಯ ಮಗನ ಮನೆಯಲ್ಲಿ, ಅದೇ ಪದಾರ್ಥವನ್ನು ನಾನು ರುಚಿ ನೋಡಿರುವೆನು.

ಮೊದಲು ಪದಾರ್ಥವು ಏನೆಂಬುದನ್ನು ತಿಳಿಯೋಣ. ಬಾರ್ಲಿಯನ್ನು ನೆನೆಯಿಸಿ, ಮೊಳಕೆ ಬರಿಸಿ, ಒಣಗಿಸಿದರೆ ಅದೇ ಮಾಲ್ಟು. ನಮ್ಮ ಮನೆಗಳಲ್ಲಿ ರಾಗಿಯನ್ನು ಮೊಳಕೆ ಕಟ್ಟಿಸಿ ಕೂಸಿಗೆ ಸರಿ ಮಾಡುವರಲ್ಲ, ಕ್ರಮ ಅದೇ. ಮಾಲ್ಟನ್ನು ಒಡೆದು ಬಿಸಿನೀರಿನಲ್ಲಿಟ್ಟರೆ ಕಾಳಿನ ಹಿಟ್ಟು ಸಕ್ಕರೆಯಾಗಿ ಮಾರ್ಪಡುವುದು. ಆ ಸಿಹಿನೀರನ್ನು ಹಾಪ್ ಎಂಬ ಬಳ್ಳಿಯ ಕಹಿ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟನ್ನು ಬೆರೆಸಿದರೆ ಕೆಲವು ದಿನಗಳಲ್ಲಿ ಬೀರಾಗುವುದು. ಮಾಲ್ಟಿನಲ್ಲಿ ಒಂದು ಭಾಗವನ್ನು ಕಾಫಿಯ ಬೀಜದಂತೆ ಕಪ್ಪಾಗುವವರೆಗೆ ಹುರಿದು ಸೇರಿಸಿದರೆ ಬೀರೂ ಕಪ್ಪಾಗಿ, ಅದಕ್ಕೆ ಕಾಫಿಯ ಮತ್ತು ಕೋಕೋವಿನ ವಾಸನೆ ಬರುವುದು. ೧೮೧೭ರಲ್ಲಿ ಡೇನಿಯಲ್ ವ್ಹೀಲರ್ ಎಂಬಾತನು ಇಂಗ್ಲೆಂಡಿನಲ್ಲಿ ತಿರುಗುವ ಉರುಳೆಯಲ್ಲಿ ಮಾಲ್ಟನ್ನು ಹುರಿಯುವ ಯಂತ್ರಕ್ಕೆ ಪೇಟೆಂಟು ಪಡೆದನು. ಅದು ಕಾಫಿ ಹುರಿಯುವ ಯಂತ್ರದ ಒಡಹುಟ್ಟೇ ಸರಿ; ಹೋದ ತಿಂಗಳ ನನ್ನ ಲೇಖನಕ್ಕೂ ಈ ತಿಂಗಳ ಕಾಗದಕ್ಕೂ ಇರುವ ಸಂಬಂಧವು ಇಷ್ಟೇ.

ಈ ಕಪ್ಪು ಬೀರಿಗೆ ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಪೋರ್ಟರ್ ಎಂದು ಹೆಸರಾಯಿತು. ಮೂಟೆ ಹೊರುವ ಹಮಾಲರ ಪಾನೀಯವಾದುದರಿಂದ ಹಮಾಲರ ಹೆಸರೇ ಅದಕ್ಕೆ ಬಂದಿತು. ಅದರಲ್ಲಿ ಹೆಚ್ಚು ಬಲವಾದುದನ್ನು ಸ್ಟೌಟ್ ಎಂದರು. ಗಟ್ಟಿ, ಬಲಿಷ್ಠ ಎಂದು ಆ ಮಾತಿನ ಅರ್ಥ. ಅವುಗಳಲ್ಲಿಯೂ ಅತಿ ಬಲವಾದುದು ರಷ್ಯಾದ ರಾಣಿ ಕ್ಯಾಥರಿನ್ನಳ ಆಸ್ಥಾನಕ್ಕೆ ಹಡಗಿನಲ್ಲಿ ಹೋಗುತ್ತಿದ್ದುದರಿಂದ ‘ಇಂಪೀರಿಯಲ್’ ಎಂಬ ಬಿರುದನ್ನು ಪಡೆಯಿತು. ಅದನ್ನು ಕಳುಹಿಸುತ್ತಿದ್ದ ಥ್ರೇಲ್ ಎಂಬವರ ಕಾರ್ಖಾನೆಯು ೧೭೮೧ರಲ್ಲಿ ಮಾರಾಟವಾದಾಗ, ಗತಿಸಿದ ಯಜಮಾನನ ಉಯಿಲಿನ ಪ್ರಕಾರ ವ್ಯವಹಾರವನ್ನು ನೋಡಿಕೊಂಡವರಲ್ಲಿ ನಿಘಂಟುಕಾರನಾದ ಸ್ಯಾಮ್ಯುಅಲ್ ಜಾನ್ಸನ್ನನೂ ಒಬ್ಬನು. ೧೭೫೫ರ ತನ್ನ ನಿಘಂಟಿನಲ್ಲಿ ಸ್ಟೌಟ್ ಎಂಬುದನ್ನು ಬಲವಾದ ಬೀರಿಗೆ ಜನರು ಇಟ್ಟ ಬೀದಿಯ ಹೆಸರೆಂದು ಬರೆದಿದ್ದ ಪಂಡಿತನು, ಇಪ್ಪತ್ತಾರು ವರ್ಷಗಳ ತರುವಾಯ ಬೀರಿನ ಕಾರ್ಖಾನೆಗೆ ಕ್ರಯ ಕಟ್ಟಲು ಕುಳಿತನು! ಅದು ೧,೩೫,೦೦೦ ಪೌಂಡುಗಳಿಗೆ ಹೋಯಿತು.

ಆ ಕಾಲದಲ್ಲಿ ಪೋರ್ಟರನ್ನು ತಿಂಗಳುಗಟ್ಟಲೆ ಮರದ ಪಾತ್ರೆಗಳಲ್ಲಿಟ್ಟು ಹಳತು ಮಾಡುತ್ತಿದ್ದರು. ಒಬ್ಬರಿಗಿಂತ ಒಬ್ಬರು ದೊಡ್ಡ ತೊಟ್ಟಿಗಳನ್ನು ಕಟ್ಟಿಸುವುದು ಲಂಡನ್ನಿನ ಬೀರುಗಾರರಿಗೆ ಪ್ರತಿಷ್ಠೆಯ ಮಾತಾಯಿತು. ೧೮೧೪ನೆಯ ಇಸವಿ ಅಕ್ಟೋಬರು ೧೭ನೆಯ ತಾರೀಖು ಸಂಜೆ, ಮ್ಯೂ ಎಂಬ ಕಂಪೆನಿಯ ಕಾರ್ಖಾನೆಯಲ್ಲಿ ೨೨ ಅಡಿ ಎತ್ತರದ ತೊಟ್ಟಿಯಿಂದ ಕಬ್ಬಿಣದ ಬಳೆಯೊಂದು ಕಳಚಿ ಬಿದ್ದಿತು. ಆ ಬಳೆಗಳು ಹಿಂದೆಯೂ ಕಳಚಿದ್ದುಂಟು. ನಾಳೆ ಸರಿಮಾಡಿಸಿದರಾಯಿತೆಂದು ಗುಮಾಸ್ತನು ಒಂದು ಚೀಟಿಯನ್ನು ಬರೆದಿಟ್ಟನು. ಒಂದು ಗಂಟೆಯ ತರುವಾಯ ತೊಟ್ಟಿಯು ಒಡೆಯಿತು. ಹತ್ತು ತಿಂಗಳು ಮಾಗಿದ್ದ ಪೋರ್ಟರು ಇಟ್ಟಿಗೆಯ ಗೋಡೆಯನ್ನು ಉರುಳಿಸಿಕೊಂಡು ಹಿಂದಿನ ಬಡವರ ಕೇರಿಗೆ ನುಗ್ಗಿತು. ಸತ್ತವರು ಎಂಟು ಮಂದಿ, ಎಲ್ಲರೂ ಹೆಂಗಸರು ಮತ್ತು ಮಕ್ಕಳು. ಅವರಲ್ಲಿ ಐವರು, ಹಿಂದಿನ ದಿವಸ ತೀರಿಕೊಂಡಿದ್ದ ಒಂದು ಮಗುವಿನ ಶವದ ಬಳಿ ನೆಲಮಾಳಿಗೆಯಲ್ಲಿ ಕುಳಿತಿದ್ದರು. ಪಂಚಾಯಿತರು ಇದನ್ನು ದೈವಾಧೀನವಾದ ಅಪಘಾತವೆಂದು ತೀರ್ಮಾನಿಸಿದರು. ಬೀರಿನ ಕಥೆಯಲ್ಲಿ ಇದನ್ನೇಕೆ ಹೇಳಬೇಕೆಂದು ಕೆಲವರಿಗೆ ತೋರಬಹುದು. ಪೀಪಾಯಿಯ ಸೊಗಸನ್ನು ವರ್ಣಿಸುವ ಪುಸ್ತಕಗಳು ಬೇಕಾದಷ್ಟು ಇವೆ. ಆ ಗುಮಾಸ್ತನ ಚೀಟಿ ನನ್ನ ಮನಸ್ಸಿನಿಂದ ಹೋಗಲೊಲ್ಲದು.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಆ ಇಂಗ್ಲಿಷ್ ಬೀರುಗಾರರಿಗೆ ಮರದ ಪಾತ್ರೆ ಬೇಕಾಗಿತ್ತೇ ಹೊರತು ಮರದ ರುಚಿ ಬೇಕಾಗಿರಲಿಲ್ಲ. ಅಮೆರಿಕದ ಓಕ್ ಮರವನ್ನು ಅವರು ದೂರವಿಡುತ್ತಿದ್ದರು. ಅದರ ವಾಸನೆ ಬೀರಿಗೆ ಹತ್ತುವುದೆಂಬುದೇ ಅವರ ದೂರು. ಯಾವ ದೋಷಕ್ಕಾಗಿ ಅವರು ಆ ಮರವನ್ನು ತಿರಸ್ಕರಿಸಿದರೋ ಅದೇ ದೋಷಕ್ಕಾಗಿ ಈಗ ಜನರು ನಸುಕಿನಲ್ಲಿ ಸಾಲು ನಿಲ್ಲುತ್ತಿರುವರು.

ಈ ಮಾರ್ಪಾಟಿಗೆ ಕಾರಣವು ರಸಿಕತೆಯಲ್ಲ, ಒಂದು ಕಾನೂನು. ಅಮೆರಿಕದಲ್ಲಿ, ಮುಖ್ಯವಾಗಿ ಕೆಂಟಕಿ ಸಂಸ್ಥಾನದಲ್ಲಿ, ಬರ್ಬನ್ ಎಂಬ ವಿಸ್ಕಿಯನ್ನು ಮಾಡುವರು. ಅದರ ಧಾನ್ಯದಲ್ಲಿ ಶೇಕಡಾ ೫೧ಕ್ಕೆ ಕಡಮೆಯಿಲ್ಲದಂತೆ ಮುಸುಕಿನ ಜೋಳವಿರಬೇಕು. ಮತ್ತು ಭಟ್ಟಿಯಿಳಿಸಿದುದನ್ನು ಒಳಮೈ ಸುಟ್ಟ ಹೊಸ ಓಕ್ ಪಾತ್ರೆಯಲ್ಲಿಯೇ ಇಡಬೇಕು. ‘ಹೊಸ’ ಎಂಬ ಈ ಒಂದು ಮಾತು ೧೯೩೦ರ ದಶಕದಲ್ಲಿ ನಿಬಂಧನೆಯೊಳಕ್ಕೆ ಬಂದಿತು. ಅದರ ಫಲವೇನೆಂದರೆ, ಒಂದು ಪೀಪಾಯಿಯು ಬರ್ಬನ್ನಿಗೆ ಒಂದೇ ಸಲ ಸಲ್ಲುವುದು. ಆಮೇಲೆ ಅದು ಗಟ್ಟಿಮುಟ್ಟಾಗಿದ್ದರೂ ನಿರುಪಯೋಗಿ. ಸುಮಾರು ೨೦೦ ಲೀಟರು ಹಿಡಿಯುವ ಇಂಥ ಪೀಪಾಯಿಗಳು ರಾಶಿರಾಶಿಯಾಗಿ ಬಿದ್ದಿರಲು, ಸ್ಕಾಟ್ಲೆಂಡಿನವರೂ ಐರ್ಲೆಂಡಿನವರೂ ತಮ್ಮ ವಿಸ್ಕಿಗೆಂದು ಅವನ್ನು ಕೊಂಡುಕೊಳ್ಳತೊಡಗಿದರು.

ಪೀಪಾಯಿಯನ್ನು ಮಾಡುವ ಬಗೆಯೂ ತಿಳಿಯತಕ್ಕದ್ದೇ. ಬಿಳಿಯ ಓಕಿನ ಹಲಗೆಗಳನ್ನು ಬಯಲಿನಲ್ಲಿ ಮಳೆಬಿಸಿಲಿಗೆ ಒಡ್ಡಿ ಪಕ್ವಮಾಡಿ, ಕಾಸಿ ಬಗ್ಗಿಸಿ, ಮೊಳೆಯಿಲ್ಲದೆ ಅಂಟಿಲ್ಲದೆ ಕಬ್ಬಿಣದ ಬಳೆಗಳಿಂದಲೇ ಬಿಗಿದು, ಕಡೆಗೆ ಒಳಮೈಗೆ ಬೆಂಕಿ ಹಾಯಿಸುವರು. ಒಂದು ನಿಮಿಷದೊಳಗಾಗಿ ಒಳಗೆಲ್ಲ ಇದ್ದಲಾಗುವುದು. ಇದ್ದಲಿನ ಹಿಂದೆ, ಮರದ ಸಕ್ಕರೆಗಳು ಕಾಯ್ದು ಕೆಂಪಾದ ತೆಳುವಾದ ಪದರವೊಂದುಂಟು. ಬೇಸಗೆಯಲ್ಲಿ ವಿಸ್ಕಿಯು ಹಿಗ್ಗಿ ಆ ಪದರದೊಳಕ್ಕೆ ಇಂಗುವುದು. ಚಳಿಗಾಲದಲ್ಲಿ ಕುಗ್ಗಿ ಹೊರಕ್ಕೆ ಬರುವುದು. ಹೀಗೆ ಹೋಗಿಬಂದು ಹೋಗಿಬಂದು ಮರದ ಬಣ್ಣವನ್ನೂ ವೆನಿಲ್ಲಾದ ಪರಿಮಳವನ್ನೂ ತನ್ನದಾಗಿ ಮಾಡಿಕೊಳ್ಳುವುದು. ಐಸ್ಕ್ರೀಮಿಗೆ ಹಾಕುವ ವೆನಿಲ್ಲಾದ ಮುಖ್ಯ ಸಾರವೂ ಓಕ್ ಮರವು ಸುಟ್ಟಾಗ ಹುಟ್ಟುವ ಸಾರವೂ ಒಂದೇ ಎಂಬುದು ರಸಾಯನಶಾಸ್ತ್ರವು ತೋರಿಸಿಕೊಟ್ಟ ಸಂಗತಿ. ಇದಲ್ಲದೆ ಆ ಮರದಲ್ಲಿ ಕೊಬ್ಬರಿಯ ವಾಸನೆಯ ಮತ್ತೊಂದು ದ್ರವ್ಯವೂ ಇರುವುದು. ವಿಸ್ಕಿಯನ್ನು ಬಸಿದುಕೊಂಡ ಮೇಲೆಯೂ ಹಲಗೆಯೊಳಕ್ಕೆ ಇಂಗಿದುದು ಅಲ್ಲಿಯೇ ಉಳಿಯುವುದು. ಇಂಗಿನ ಡಬ್ಬಿಯನ್ನು ಎಷ್ಟು ತಿಕ್ಕಿ ತೊಳೆದರೂ ಅದು ಇಂಗಿನ ಡಬ್ಬಿಯೇ ಎಂಬುದನ್ನು ನಮ್ಮ ಗೃಹಿಣಿಯರಿಗೆ ನಾನು ಹೇಳಿಕೊಡಬೇಕಾಗಿಲ್ಲ.

೧೯೮೮ರಲ್ಲಿ ಜಾನ್ ಹಾಲ್ ಎಂಬವರು ಚಿಕಾಗೋವಿನ ಕ್ಲೈಬರ್ನ್ ಬೀದಿಯಲ್ಲಿ ಗೂಸ್ ಐಲೆಂಡ್ ಎಂಬ ಸಣ್ಣ ಬೀರಿನ ಮನೆಯನ್ನು ತೆರೆದಿದ್ದರು. ಅವರ ಮಗ ಗ್ರೆಗ್ ಹಾಲ್ ಅಲ್ಲಿ ಬೀರನ್ನು ಮಾಡುತ್ತಿದ್ದರು. ಒಂದು ಭೋಜನಕೂಟದಲ್ಲಿ ಅವರಿಗೆ ಜಿಮ್ ಬೀಮ್ ವಿಸ್ಕಿಯ ಮನೆತನದ ಬೂಕರ್ ನೋ ಎಂಬ ಹಿರಿಯರ ಪರಿಚಯವಾಗಿ, ಆರು ಹಳೆಯ ಪೀಪಾಯಿಗಳು ದೊರೆತವು. ತಮ್ಮ ಸಾವಿರದನೆಯ ಅಡಿಗೆಗೆ ಏನಾದರೂ ಹೊಸದನ್ನು ಮಾಡಬೇಕೆಂದಿದ್ದ ಅವರು ಬಲವಾದ ಸ್ಟೌಟನ್ನು ಅವುಗಳಲ್ಲಿ ತುಂಬಿಟ್ಟರು. ಇದು ೧೯೯೨ರಲ್ಲಿ ನಡೆಯಿತೆಂದು ಕಂಪೆನಿಯವರ ಸೀಸೆಯ ಮೇಲಿನ ಕಥೆ. ಹಳೆಯ ಕಾಗದಗಳನ್ನು ಹುಡುಕಿದ ಪತ್ರಿಕಾಕರ್ತರು ೧೯೯೫ ಎನ್ನುವರು. ೧೯೯೫ರಲ್ಲಿ ಡೆನ್ವರ್ ನಗರದ ದೊಡ್ಡ ಬೀರಿನ ಸ್ಪರ್ಧೆಗೆ ಅದನ್ನು ಒಯ್ದಾಗ, ಯಾವ ವರ್ಗಕ್ಕೂ ಅದು ಸೇರದೆ ತೀರ್ಪುಗಾರರು ತಬ್ಬಿಬ್ಬಾದರು. ಈಗ ಅದಕ್ಕೇ ಬೇರೆ ವರ್ಗಗಳುಂಟು. ಅಮೆರಿಕದ ಸಣ್ಣ ಬೀರುಗಾರರಲ್ಲಿ ಅನೇಕರು ಅದೇ ದಾರಿಯನ್ನು ಹಿಡಿದರು. ಮಿಷಿಗನ್ ಸಂಸ್ಥಾನದ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದಲ್ಲಿ ಫೌಂಡರ್ಸ್ ಎಂಬ ಕಂಪೆನಿಯವರು ಊರಿನ ಕೆಳಗಿನ ಹಳೆಯ ಜಿಪ್ಸಂ ಗಣಿಗಳಲ್ಲಿ ಪೀಪಾಯಿಗಳನ್ನು ಮಾಗಲಿಡುವರು. ಗೂಸ್ ಐಲೆಂಡನ್ನು ೨೦೧೧ರಲ್ಲಿ ಬಹು ದೊಡ್ಡ ಕಂಪೆನಿಯೊಂದು ಕೊಂಡುಕೊಂಡಿತು. ನಮ್ಮ ಚಂದಾದಾರರ ಮಗನು ಸಾಲು ನಿಂತುದು ಈ ಸ್ಟೌಟಿಗಾಗಿಯೇ ಇರಬೇಕು. ಕೃತಜ್ಞತೆಯ ಹಬ್ಬದ ಮರುದಿನದ ಶುಕ್ರವಾರವೇ ಅದು ವರ್ಷಕ್ಕೊಮ್ಮೆ ಅಂಗಡಿಗೆ ಬರುವ ದಿವಸ.

ಮರವೆಂಬುದು ಒಳ್ಳೆಯದನ್ನು ಮಾತ್ರ ಕೊಡುವುದೆಂದು ತಿಳಿಯಬಾರದು. ಅದರ ಸಂದುಗಳಲ್ಲಿ ಸೂಕ್ಷ್ಮಜೀವಿಗಳು ಅಡಗಿರುವುವು. ೨೦೧೫ರಲ್ಲಿ ಬಿಡುಗಡೆಯಾದ ಇದೇ ಬೀರಿನ ಕೆಲವು ಸೀಸೆಗಳು ಮನೆಗಳಲ್ಲಿದ್ದಂತೆಯೇ ಹುಳಿಯಾದವು. ಹಾಲನ್ನು ಮೊಸರು ಮಾಡುವ ಜೀವಿಯ ದಾಯಾದಿಯೊಂದು, ಅಷ್ಟೊಂದು ಮದ್ಯಸಾರದ ನಡುವೆಯೂ ಬದುಕಿಕೊಂಡು ಈ ಕೆಲಸವನ್ನು ಮಾಡಿತ್ತು. ಕಂಪೆನಿಯವರು ೨೦೧೬ರಲ್ಲಿ ಕೊಂಡವರಿಗೆ ಹಣವನ್ನು ಹಿಂದಿರುಗಿಸಿ, ಮುಂದೆ ಬೀರನ್ನು ಕ್ಷಣಕಾಲ ಬಿಸಿಮಾಡಿ ತುಂಬುವ ಏರ್ಪಾಟನ್ನು ಮಾಡಿದರು.

ಇನ್ನು ನನ್ನ ಅನುಭವಕ್ಕೆ ಬರುವೆನು. ಅಳಿಯನ ಮನೆಯಲ್ಲಿ ಅಂದು ಸಂಜೆ ಆರು ಮಂದಿ ಸೇರಿದ್ದರು. ನಾಲ್ವರು ಕನ್ನಡದವರು, ಇಬ್ಬರು ಆ ದೇಶದವರು. ಮೇಜಿನ ಮೇಲೆ ಉಪ್ಪುಖಾರವಿಲ್ಲದ ಬ್ರೆಡ್ಡಿನ ಚೂರುಗಳು, ನೀರಿನ ಹೂಜಿ, ಬಾಯಿ ಕಿರಿದಾಗಿ ಹೊಟ್ಟೆ ದುಂಡಾದ ಪುಟ್ಟ ಗಾಜಿನ ಲೋಟಗಳು. ಔಷಧವನ್ನು ಅಳೆಯುವ ಗಾಜಿನಂಥದೊಂದು ಅಳತೆಯ ಪಾತ್ರೆಯೂ ಇತ್ತು. ಸೀಸೆಗಳನ್ನು ಪೆಟ್ಟಿಗೆಯಿಂದ ಅರ್ಧ ಗಂಟೆ ಮುಂಚೆಯೇ ತೆಗೆದಿಟ್ಟಿದ್ದನು.

“ಐಸಿನಂತೆ ತಣ್ಣಗಿದ್ದರೆ ವಾಸನೆ ಏಳುವುದಿಲ್ಲ, ಮಾವ. ಹನ್ನೆರಡು ಹದಿನಾಲ್ಕು ಡಿಗ್ರಿ ಇರಬೇಕು” ಎಂದನು.

“ನಿನಗೆ ಇದನ್ನೆಲ್ಲ ಯಾರು ಕಲಿಸಿದರು?” ಎಂದೆನು.

“ಅಮ್ಮ. ತಣ್ಣಗಾದ ಸಾರಿಗೆ ಉಪ್ಪು ನೋಡಬೇಡ ಎಂದು ಅವಳೇ ಹೇಳುತ್ತಿದ್ದಳಲ್ಲ?”

ನನ್ನ ತಂಗಿ ಈ ಸಂದರ್ಭದಲ್ಲಿ ತನ್ನ ಹೆಸರನ್ನು ಎತ್ತಿದುದನ್ನು ಕೇಳಿದ್ದರೆ ಏನೆನ್ನುತ್ತಿದ್ದಳೋ!

ಮೊದಲನೆಯದು ಪೀಪಾಯಿಯನ್ನೇ ಕಾಣದ ಸಾದಾ ಸ್ಟೌಟು. ಹೋಲಿಕೆಗೆಂದು ಇದು ಮೊದಲು ಬರಬೇಕಂತೆ. ಅಳತೆಯಲ್ಲಿ ೬೦ ಮಿಲಿಲೀಟರು. ಹುರಿದ ಕಾಫಿಯ ಕಹಿ, ಸೀದ ಬೆಲ್ಲದ ಸಿಹಿ. ಸರಳವಾದ ಪದಾರ್ಥ, ಹೇಳತಕ್ಕದ್ದು ಬಹಳವಿಲ್ಲ.

ಎರಡನೆಯದು ಆ ವರ್ಷದ ಪೀಪಾಯಿಯ ಸ್ಟೌಟು. ಎಣ್ಣೆಯಂತೆ ಮಂದವಾಗಿ ಇಳಿಯಿತು. ನೊರೆ ಕಂದಾಗಿ, ತೆಳುವಾಗಿ ಎದ್ದು ಬೇಗನೆ ಅಡಗಿತು. ಕುಡಿಯುವುದಕ್ಕೆ ಮುಂಚೆ ಅಂಗೈಯಲ್ಲಿ ಲೋಟವನ್ನು ಹಿಡಿದು, ಬಾಯಿಯನ್ನು ಕೊಂಚ ತೆರೆದುಕೊಂಡು, ದೂರದಿಂದ ಮೂಸಬೇಕೆಂದರು. ಹತ್ತಿರಕ್ಕೆ ಮೂಗನ್ನು ಚಾಚಿದ ನಾನು ಸ್ಪಿರಿಟ್ಟಿನ ಘಾಟಿಗೆ ಕೆಮ್ಮಿದೆನು. ಎರಡನೆಯ ಸಲ ದೂರದಿಂದ ನೋಡಿದಾಗ ಮೊದಲು ವೆನಿಲ್ಲಾ, ಆಮೇಲೆ ಕೊಬ್ಬರಿ, ಅದರ ಹಿಂದೆ ಸೌದೆಯ ಒಲೆಯ ಮುಂದೆ ಕುಳಿತಂತೆ ಒಂದು ಸುಟ್ಟ ಮರದ ವಾಸನೆ. ನಾಲಗೆಯ ಮೇಲೆ ಚಾಕೊಲೇಟು, ಜೋನಿಬೆಲ್ಲ. ನುಂಗಿದ ಮೇಲೆ ಗಂಟಲಿನಲ್ಲಿ ಬಿಸಿ. ಈ ಬಿಸಿಯೇ ವಿಸ್ಕಿಯ ಪಾಲು. ಸಾಮಾನ್ಯವಾದ ಬೀರಿನಲ್ಲಿ ಮದ್ಯಸಾರ ಶೇಕಡಾ ೫ರಷ್ಟಿದ್ದರೆ ಇಂಥವುಗಳಲ್ಲಿ ೧೨ ರಿಂದ ೧೫ರವರೆಗೆ ಇರುವುದು. ಅದರಲ್ಲಿ ಒಂದೆರಡು ಪಾಲು ಮರದಿಂದಲೇ ಬಂದುದು.

ಮೂರನೆಯದು ಅದೇ ಬೀರು, ಎರಡು ವರ್ಷ ಹಿಂದಿನದು. ನಾಲ್ಕನೆಯದು ಎಂಟು ವರ್ಷ ಹಿಂದಿನದು. ಇಲ್ಲಿಯೇ ನನಗೆ ವಿದ್ಯೆ ಎಂಬುದು ಕಂಡುದು. ಎರಡು ವರ್ಷದ್ದರಲ್ಲಿ ಘಾಟು ಇಳಿದು ರುಚಿಗಳೆಲ್ಲ ಒಂದರೊಳಗೊಂದು ಬೆರೆತಿದ್ದವು. ಖರ್ಜೂರದ, ಒಣದ್ರಾಕ್ಷಿಯ ನೆನಪು ಬರುತ್ತಿತ್ತು. ಎಂಟು ವರ್ಷದ್ದನ್ನು ಎಲ್ಲರೂ ಬಹಳ ಭಕ್ತಿಯಿಂದ ಎತ್ತಿಕೊಂಡರು. ನನಗೆ ಅದರಲ್ಲಿ ನೆನೆದ ರಟ್ಟಿನ ವಾಸನೆಯೇ ಮುಂದಾಗಿ ಬಂದಿತು. ಹೇಳಲೋ ಬೇಡವೋ ಎಂದು ಸಂಕೋಚಪಡುತ್ತಿರುವಾಗ, ಆ ದೇಶದವರಲ್ಲೊಬ್ಬನು ಲೋಟವನ್ನು ಕೆಳಗಿಟ್ಟು, “ಇದು ಸತ್ತುಹೋಗಿದೆ” ಎಂದನು. ಹೌದು, ಹೌದು ಎಂದು ಎಲ್ಲರೂ ತಲೆದೂಗಿದರು. ಬಿರಡೆಯ ಸಂದಿನಿಂದ ಸ್ವಲ್ಪ ಸ್ವಲ್ಪವಾಗಿ ಒಳಕ್ಕೆ ಬರುವ ಗಾಳಿಯು ಮೊದಲು ದ್ರಾಕ್ಷಿಯ ರುಚಿಯನ್ನು ಕೊಟ್ಟು ಆಮೇಲೆ ರಟ್ಟಿನ ರುಚಿಯನ್ನು ಕೊಡುವುದಂತೆ. ಅಳಿಯನು ಎಂಟು ವರ್ಷ ಬೀರುವಿನಲ್ಲಿ ಕಾಪಾಡಿದ್ದ ಸೀಸೆ ಅದು. ಅವನ ಮುಖ ಚಿಕ್ಕದಾಯಿತು. ಆದರೂ ಉಳಿದುದನ್ನು ತಾನೇ ಎದ್ದು ತೊಟ್ಟಿಗೆ ಸುರಿದು ಬಂದನು. ನಾನು ಸಂತೋಷಪಟ್ಟೆನು. ನಮ್ಮ ಸೋದರಮಾವನವರು ಕೆಟ್ಟುದೆಂದು ಯಾವುದನ್ನೂ ಸುರಿದುದನ್ನು ನಾನು ಕಂಡವನಲ್ಲ.

ಇಷ್ಟರಲ್ಲಿ ಕಥೆ ಮುಗಿದಿದ್ದರೆ ಚಂದಾದಾರರಿಗೆ ಧೈರ್ಯ ಹೇಳಿ ಸುಮ್ಮನಾಗುತ್ತಿದ್ದೆನು. ಸತ್ತ ಬೀರಿನ ದುಃಖವನ್ನು ಮರೆಯಲೆಂದು ಆ ವರ್ಷದ್ದೇ ಇನ್ನೊಂದು ಸುತ್ತು ಬಂದಿತು. ಅಳತೆಯ ಪಾತ್ರೆಯು ಎಲ್ಲಿಯೋ ಸರಿದುಹೋಗಿತ್ತು; ಕಣ್ಣಂದಾಜಿನಲ್ಲಿ ಸುರಿದರು. ಮಾತು ಗಟ್ಟಿಯಾಯಿತು. ನಾನು ಲೆಕ್ಕವಿಟ್ಟುಕೊಂಡೇ ಕುಳಿತವನು. ನಾಲ್ಕಾಯಿತೋ ಐದಾಯಿತೋ ಎಂಬುದು ನನಗೇ ಮರೆತುಹೋಯಿತು. ಈ ಮಾತನ್ನು ಬರೆಯಲು ನಾಚಿಕೆಯಾಗುವುದು, ಆದರೂ ಬರೆದಿರುವೆನು. ಸಿಹಿಯಾದ, ಮಂದವಾದ ಪದಾರ್ಥವು ಅದರ ಬಲವನ್ನು ಮುಚ್ಚಿಕೊಳ್ಳುವುದು. ಮರುದಿವಸ ಕಾಗದದ ಮೇಲೆ ಲೆಕ್ಕ ಹಾಕಿದೆನು: ಐದು ಸುತ್ತಿಗೆ ೩೦೦ ಮಿಲಿಲೀಟರೆಂದಿಟ್ಟುಕೊಂಡರೂ ಅದರಲ್ಲಿ ಶುದ್ಧ ಮದ್ಯಸಾರವು ಸುಮಾರು ೪೦ ಮಿಲಿಲೀಟರು. ಅದು ೧೦೦ ಮಿಲಿಲೀಟರು ವಿಸ್ಕಿಗೆ ಸಮ. ನಮ್ಮ ಕಡೆಯ ದೊಡ್ಡ ಪೆಗ್ಗಿನಲ್ಲಿ ಒಂದೂವರೆಗೆ ಮೇಲೆ. ಅರ್ಧ ಲೀಟರಿನ ಒಂದು ಸೀಸೆಯನ್ನು ಒಬ್ಬನೇ ಮುಗಿಸಿದರೆ ಮೂರು ದೊಡ್ಡ ಪೆಗ್ಗುಗಳಾಗುವುವು. ಬೀರು ತಾನೇ ಎಂಬ ಉದಾಸೀನಕ್ಕೆ ಇಲ್ಲಿ ಅವಕಾಶವಿಲ್ಲ. ಮದ್ಯವು ಅರ್ಬುದ ರೋಗಕ್ಕೆ ಕಾರಣವಾಗುವುದೆಂದು ೧೯೮೮ರಲ್ಲಿಯೇ ಅಂತರರಾಷ್ಟ್ರೀಯ ವೈದ್ಯಮಂಡಲಿಯು ತೀರ್ಮಾನಿಸಿದೆ; ನಿರಪಾಯವಾದ ಅಳತೆ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಹೇಳಿತು. ಓಕಿನ ಪೀಪಾಯಿಯಲ್ಲಿ ಮಲಗಿ ಬಂದುದಕ್ಕೆ ಈ ಮಾತು ಅನ್ವಯಿಸದೆಂದು ಯಾರೂ ಹೇಳಿಲ್ಲ.

ಹೊರಡುವ ಹೊತ್ತಿಗೆ ಬಂದಿದ್ದವರಲ್ಲೊಬ್ಬ ಹುಡುಗನು ತನ್ನ ಮೋಟಾರಿನ ಬೀಗದ ಕೈಯನ್ನು ಕೇಳಿದನು. ಅಳಿಯನು ಅದನ್ನು ಬಾಗಿಲಲ್ಲಿಯೇ ಇಸಿದುಕೊಂಡು ತನ್ನ ಹೆಂಡತಿಯ ವಶಕ್ಕೆ ಕೊಟ್ಟಿದ್ದನು. ಅವಳು ರುಚಿ ನೋಡುವವರ ಪೈಕಿಯಲ್ಲ. “ನಾಳೆ ಬೆಳಿಗ್ಗೆ ತಿಂಡಿಗೆ ಬಂದು ತೆಗೆದುಕೊಂಡು ಹೋಗಿ” ಎಂದಳು. ಹುಡುಗನು ಒಮ್ಮೆ ಗೊಣಗಿದನು. ಎರಡನೆಯ ಸಲ ಕೊಂಚ ಒರಟಾಗಿಯೇ ಕೇಳಿದನು. ಅವಳು ಕೊಡಲಿಲ್ಲ. ಕಡೆಗೆ ಬಾಡಿಗೆಯ ಗಾಡಿಯನ್ನು ಕರೆಯಿಸಿ ಅವನನ್ನು ಕಳುಹಿಸಿದರು. ಆ ಸಂಜೆಯಲ್ಲಿ ನಾನು ಕಂಡ ವಿದ್ಯೆಗಳಲ್ಲಿ ಇದನ್ನೇ ನಾನು ಮೇಲಾದುದೆಂದು ಎಣಿಸುವೆನು.

ಪೀಪಾಯಿಯ ಪ್ರಯಾಣವು ಬೀರಿನೊಡನೆಯೂ ಮುಗಿಯುವುದಿಲ್ಲ. ಐರ್ಲೆಂಡಿನ ಕಾರ್ಕ್ ಪ್ರಾಂತದಲ್ಲಿ ಜೇಮ್ಸನ್ ವಿಸ್ಕಿಯವರು ೨೦೧೩ರಲ್ಲಿ ತಮ್ಮ ಪೀಪಾಯಿಗಳನ್ನು ನೆರೆಯ ಬೀರುಗಾರರಿಗೆ ಎರವಲು ಕೊಟ್ಟರು. ಅವರು ಸ್ಟೌಟನ್ನು ಮಾಗಿಸಿಕೊಂಡು ಪೀಪಾಯಿಯನ್ನು ಹಿಂದಿರುಗಿಸಲು, ಇವರು ಅದರಲ್ಲಿ ಪುನಃ ವಿಸ್ಕಿಯನ್ನಿಟ್ಟು ಸ್ಟೌಟಿನ ವಾಸನೆಯನ್ನು ಬರಿಸಿಕೊಂಡರು. ನಮ್ಮ ಹಳ್ಳಿಗಳಲ್ಲಿ ಹೆಪ್ಪಿಗೆ ಮೊಸರನ್ನು ಕೊಟ್ಟು ತೆಗೆದುಕೊಳ್ಳುವಂತೆ ಇದೂ ಒಂದು ವ್ಯವಹಾರ. ಈ ಪೀಪಾಯಿಗಳು ನಮ್ಮ ನಾಡಿಗೂ ಬರುವುದುಂಟು. ಬೆಂಗಳೂರಿನ ಅಮೃತ್ ಕಾರ್ಖಾನೆಯವರು, ೨೦೦೪ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಮೊದಲು ಮಾರಾಟಕ್ಕಿಟ್ಟ ತಮ್ಮ ಮಾಲ್ಟ್ ವಿಸ್ಕಿಯನ್ನು ಬರ್ಬನ್ನಿನ ಹಳೆಯ ಪೀಪಾಯಿಗಳಲ್ಲಿಯೂ ಮಾಗಿಸುವರು. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇಕಡಾ ಎರಡರಷ್ಟು ಆವಿಯಾಗಿ ಹೋದರೆ ಬೆಂಗಳೂರಿನ ಹವೆಯಲ್ಲಿ ಹತ್ತಕ್ಕೂ ಮೇಲೆ ಹೋಗುವುದು. ಹೀಗೆ ಆವಿಯಾದುದನ್ನು ಅಲ್ಲಿನವರು ದೇವದೂತರ ಪಾಲು ಎನ್ನುವರು. ನಮ್ಮ ದೇವತೆಗಳ ಪಾಲು ದೊಡ್ಡದೆಂಬುದು ಹೊಸ ಸಂಗತಿಯೇನೂ ಅಲ್ಲ.

ಈಗ ಚಂದಾದಾರರಿಗೆ ನನ್ನ ಉತ್ತರ. ಮಗನು ಸುಳ್ಳು ಹೇಳಿಲ್ಲ. ರುಚಿ ನೋಡುವುದೆಂಬುದು ನಿಜವಾಗಿಯೂ ಉಂಟು. ನನ್ನ ಸೋದರಮಾವನವರಿಗೂ ನನ್ನ ಅಳಿಯನಿಗೂ ವ್ಯತ್ಯಾಸವಿದೆ. ಆದರೆ ಆ ವ್ಯತ್ಯಾಸವು ಪೀಪಾಯಿಯಲ್ಲಿಲ್ಲ, ಸೀಸೆಯ ಬೆಲೆಯಲ್ಲಿಯೂ ಇಲ್ಲ. ಅಳತೆಯ ಪಾತ್ರೆಯು ಮೇಜಿನ ಮೇಲೆ ಎಷ್ಟು ಹೊತ್ತು ಉಳಿಯುವುದೆಂಬುದರಲ್ಲಿದೆ. ತಾವು ವಿಮಾನಕ್ಕೆ ಹೊರಡುವ ಮುಂಚೆ ಮಗನನ್ನು ಕೆಲವು ಮಾತು ಕೇಳಬಹುದು. ಆ ಎರಡು ಸೀಸೆಗಳಲ್ಲಿ ಒಂದಾದರೂ ಇನ್ನೂ ತೆರೆಯದೆ ಉಳಿದಿದೆಯೇ? ತೆರೆದುದನ್ನು ಎಷ್ಟು ಮಂದಿ ಹಂಚಿಕೊಂಡರು? ಬೀಗದ ಕೈ ಯಾರ ಬಳಿ ಇತ್ತು? ಕೋಪದಿಂದ ಕೇಳಿದರೆ ಅವನು ಫೋನನ್ನು ಇಡುವನು. ವಿಷಯ ತಿಳಿದವರಂತೆ, ಯಾವ ವರ್ಷದ ಸೀಸೆ, ಎಷ್ಟು ಡಿಗ್ರಿಯಲ್ಲಿ ತೆರೆದೆ ಎಂದು ಪ್ರಾರಂಭಿಸಿದರೆ ಬೆಚ್ಚಿಬಿದ್ದು ಎಲ್ಲವನ್ನೂ ಹೇಳುವನು. ಉತ್ತರಗಳು ಸರಿಯಾಗಿಲ್ಲವೆಂದು ತೋರಿದರೆ ಟಿಕೇಟನ್ನು ತೆಗೆಯಿಸಿರಿ, ತಡಮಾಡಬೇಡಿರಿ. ನಮ್ಮ ಮನೆಯಲ್ಲಿ ನನ್ನ ತಾಯಿಯವರು ತಮ್ಮ ಅಣ್ಣನನ್ನು ಕೇಳಬೇಕೆಂದು ಏಳು ವರ್ಷ ಯೋಚಿಸಿದರು.

ಮರುದಿವಸ ಬೆಳಿಗ್ಗೆ ನಡೆದುದನ್ನು ಹೇಳಿ ಮುಗಿಸುವೆನು. ರಾತ್ರಿಯ ಲೋಟಗಳು ಅಡಿಗೆಮನೆಯ ಕಟ್ಟೆಯ ಮೇಲೆ ತೊಳೆಯದೆ ಒಣಗಿದ್ದವು. ನನ್ನ ಹೆಂಡತಿ ಹಿಂದಿನ ಸಂಜೆಯೆಲ್ಲ ತಲೆನೋವೆಂದು ಕೋಣೆಯಿಂದ ಹೊರಕ್ಕೆ ಬಂದಿರಲಿಲ್ಲ. ಆ ತಲೆನೋವಿನ ಅರ್ಥವು ನನಗೂ ಅಳಿಯನಿಗೂ ತಿಳಿದೇ ಇತ್ತು. ಕಾಫಿಗೆಂದು ಒಳಕ್ಕೆ ಬಂದವಳು ಒಂದು ಲೋಟವನ್ನೆತ್ತಿ ಮೂಸಿದಳು. ನಾನು ಉಸಿರು ಬಿಗಿಹಿಡಿದು ನಿಂತೆನು.

“ರಾತ್ರಿ ಕೊಬ್ಬರಿಮಿಠಾಯಿ ಮಾಡಿದ್ದರೇನೋ?” ಎಂದಳು.

“ಇಲ್ಲ ಅತ್ತೆ, ಅದು ಮರದ ವಾಸನೆ” ಎಂದನು ಅಳಿಯ.

ಅವಳು ಇನ್ನೊಮ್ಮೆ ಮೂಸಿ, ನನ್ನ ಕಡೆಗೆ ನೋಡದೆಯೇ, ಲೋಟವನ್ನು ತೊಳೆಯಲು ಹಾಕಿ ಹಾಲನ್ನು ಒಲೆಯ ಮೇಲಿಟ್ಟಳು.